ಹೆಲ್ಮೆಟ್ ಕಡ್ಡಾಯ: ಕಾಯ್ದೆ ಎಲ್ಲಿಯವರೆಗೆ, ಆಯ್ಕೆ ಎಲ್ಲಿಂದ?

ದ್ವಿಚಕ್ರ ವಾಹನಕ್ಕೂ ಮೈಸೂರಿಗೂ ಹಳೆಯ ನಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಲ್ಲಿ ಹೊರಬರತೊಡಗಿದ ಜಾವಾ, ಅನಂತರ ಬಂದ ಯೆಜ್ಡಿ ಬೈಕುಗಳು ದೇಶದಾದ್ಯಂತ ಈ ಊರಿನ ಹೆಸರನ್ನು ಹೊತ್ತು ಓಡಾಡಿದವು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ನಂಜನಗೂಡು ರಸ್ತೆಯ ಕಡಕೊಳದ ಬಳಿ ಟಿವಿಎಸ್ ಕಂಪನಿಯ ಘಟಕ ಇಂದಿಗೂ ದ್ವಿಚಕ್ರ ವಾಹನಗಳನ್ನು ತಯಾರಿಸುತ್ತಿದೆ. ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯಲ್ಲಾಗಲಿ, ಸಂಜೆ ದೇವರಾಜ ಅರಸು ರಸ್ತೆಯಲ್ಲಾಗಲಿ ಕಣ್ಣು ಹಾಯಿಸಿದರೆ ಈ ನಗರ ಎರಡು ಚಕ್ರಗಳ ಮೇಲೆಯೇ ನಡೆಯುತ್ತಿದೆ ಎನಿಸದಿರದು.

ಇಂಥ ಊರಿನಲ್ಲಿ ಹೆಲ್ಮೆಟ್ ಕುರಿತ ಚರ್ಚೆ ಮುಗಿಯುವುದೇ ಇಲ್ಲ. 'ನನ್ನ ತಲೆ, ನನ್ನ ಇಷ್ಟ, ಸರ್ಕಾರಕ್ಕೇನು?' ಎಂಬ ಪ್ರಶ್ನೆ ಒಂದೆಡೆ. 'ತಲೆ ಒಡೆದರೆ ಆಸ್ಪತ್ರೆಗೆ ಹೊತ್ತೊಯ್ಯುವವರು ಯಾರು?' ಎಂಬ ಮರುಪ್ರಶ್ನೆ ಇನ್ನೊಂದೆಡೆ. ಇವೆರಡರ ನಡುವೆ ಸವಾರ ದಂಡಕ್ಕೆ ಹೆದರಿ ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೋಗುತ್ತಿರುತ್ತಾನೆ. ಕಾಯ್ದೆ ನಿಜಕ್ಕೂ ಏನನ್ನು ಕಡ್ಡಾಯ ಮಾಡಿದೆ, ನ್ಯಾಯಾಲಯಗಳು ಏನು ಹೇಳಿವೆ, ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಇದರಲ್ಲಿ ಎಷ್ಟು ಜಾಗವಿದೆ ಎಂಬುದನ್ನು ಓದುಗರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾಯ್ದೆ ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ಅದರ 129ನೇ ಕಲಂ ಶಿರಸ್ತ್ರಾಣಕ್ಕೆ ಸಂಬಂಧಿಸಿದ್ದು. 2019ರ ತಿದ್ದುಪಡಿಯ ಬಳಿಕ ಈ ಕಲಂನ ಪ್ರಕಾರ, ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಸಾರ್ವಜನಿಕ ಸ್ಥಳದಲ್ಲಿ ಮೋಟಾರ್ ಸೈಕಲ್ ಚಲಾಯಿಸುವಾಗ ಅಥವಾ ಅದರಲ್ಲಿ ಕುಳಿತು ಸಾಗುವಾಗ ನಿಗದಿತ ಗುಣಮಟ್ಟದ ಹೆಲ್ಮೆಟ್ ಧರಿಸಬೇಕು. ಕಾನೂನಿನ ದೃಷ್ಟಿಯಲ್ಲಿ ಸ್ಕೂಟರ್, ಮೊಪೆಡ್‌ಗಳೂ ಇದೇ ಸಾಲಿಗೆ ಸೇರುತ್ತವೆ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ಕಾಯ್ದೆಯಲ್ಲೇ ವಿನಾಯಿತಿ ಇದೆ. ಮಹಿಳೆ, ವೃದ್ಧರು, ಹಿಂಬದಿ ಸವಾರರು ಎಂಬ ಭೇದ ಇಲ್ಲ. 'ಇಲ್ಲೇ ಪಕ್ಕದ ಬೀದಿಗೆ' ಎಂಬ ರಿಯಾಯಿತಿಯೂ ಇಲ್ಲ.

ಬಹುಪಾಲು ಸವಾರರ ಗಮನಕ್ಕೆ ಬಾರದ ಒಂದು ಅಂಶ ಇದೇ ಕಲಂನಲ್ಲಿದೆ. ಶಿರಸ್ತ್ರಾಣ ಎಂದರೇನು ಎಂಬುದನ್ನು ಕಾಯ್ದೆಯೇ ವಿವರಿಸಿದೆ. ಅಪಘಾತವಾದಾಗ ಪೆಟ್ಟಿನಿಂದ ತಕ್ಕಮಟ್ಟಿನ ರಕ್ಷಣೆ ನೀಡಬಹುದಾದ ಆಕಾರ, ವಸ್ತು ಮತ್ತು ರಚನೆ ಅದಕ್ಕಿರಬೇಕು. ಜೊತೆಗೆ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು. ಆದ್ದರಿಂದ ಗದ್ದದ ಪಟ್ಟಿ ಹಾಕದೆ ತಲೆಯ ಮೇಲೆ ಇಟ್ಟುಕೊಂಡ ಹೆಲ್ಮೆಟ್ ಕಾನೂನಿನ ಕಣ್ಣಿನಲ್ಲಿ ಧರಿಸಿದ ಹೆಲ್ಮೆಟ್ ಅಲ್ಲ.

ಉಲ್ಲಂಘನೆಗೆ 194-ಡಿ ಕಲಂ ಅಡಿ 1,000 ರೂ. ದಂಡ ಹಾಗೂ ಮೂರು ತಿಂಗಳ ಕಾಲ ಚಾಲನಾ ಪರವಾನಗಿಯ ಅನರ್ಹತೆ ಉಂಟು. 2019ರ ಸೆಪ್ಟೆಂಬರ್ 1ರಂದು ಈ ಹೊಸ ದರಗಳು ಜಾರಿಯಾದಾಗ ರಾಜ್ಯದಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಅದೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಸ್ಥಳದಲ್ಲೇ ಕಟ್ಟಬಹುದಾದ ದಂಡವನ್ನು 500 ರೂ.ಗೆ ಇಳಿಸಿತು. ಪರವಾನಗಿ ಅಮಾನತಿನ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ 2020ರ ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಸೂಚಿಸಿತ್ತು.

ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂಬ ರಾಜ್ಯ ಸರ್ಕಾರದ ಆದೇಶ ಬಂದದ್ದು 2016ರ ಜನವರಿಯಲ್ಲಿ. ಮೈಸೂರಿನಲ್ಲಿ ಹೆಚ್ಚು ಗೊಣಗಾಟಕ್ಕೆ ಕಾರಣವಾದದ್ದೂ ಇದೇ. ಹೂ ಮುಡಿದು ಮದುವೆಗೆ ಹೊರಟ ಗೃಹಿಣಿ, ಮಗನ ಸ್ಕೂಟರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೊರಟ ತಾಯಿ, ಶಾಲೆ ಬಿಟ್ಟ ಮಗುವನ್ನು ಕರೆತರುವ ಅಜ್ಜ ಎಲ್ಲರೂ ಒಮ್ಮೆಲೇ ನಿಯಮದ ವ್ಯಾಪ್ತಿಗೆ ಬಂದರು.

ಮಕ್ಕಳ ವಿಷಯದಲ್ಲಿ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಪ್ರತ್ಯೇಕ ನಿಯಮ ಪ್ರಕಟಿಸಿ, ಒಂದು ವರ್ಷದ ಬಳಿಕ ಜಾರಿಗೆ ತಂದಿತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅಳತೆಗೆ ತಕ್ಕ ಹೆಲ್ಮೆಟ್ ಇರಬೇಕು. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಜೋಡಿಸುವ ಸುರಕ್ಷಾ ಪಟ್ಟಿ ಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

ಒಬ್ಬ ಸೈನಿಕನ ಸಾವಿನಿಂದ ಆರಂಭ

ಹೆಲ್ಮೆಟ್‌ನ ವೈದ್ಯಕೀಯ ಇತಿಹಾಸ ಆರಂಭವಾಗುವುದು ಬ್ರಿಟನ್ನಿನಲ್ಲಿ. 'ಲಾರೆನ್ಸ್ ಆಫ್ ಅರೇಬಿಯಾ' ಎಂದೇ ಖ್ಯಾತನಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಆರು ದಿನಗಳ ಬಳಿಕ ತೀರಿಕೊಂಡ. ಆತನನ್ನು ಉಳಿಸಲು ಯತ್ನಿಸಿದ ವೈದ್ಯರಲ್ಲಿ ನರ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಕೂಡ ಒಬ್ಬರು. ಅನಂತರ ಅವರು ಸೇನೆಯ ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಲೇಖನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ಕರ್ತವ್ಯದಲ್ಲಿರುವ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು.

ನಾಗರಿಕರಿಗೆ ಮೊದಲು ಕಡ್ಡಾಯಗೊಳಿಸಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1961ರಲ್ಲಿ. ಬ್ರಿಟನ್ನಿನಲ್ಲಿ 1973ರಲ್ಲಿ ಕಡ್ಡಾಯವಾಯಿತು. ಪೇಟ ಧರಿಸುವ ಸಿಖ್ಖರಿಗೆ ಅಲ್ಲಿ 1976ರಲ್ಲಿ ವಿನಾಯಿತಿ ದೊರೆಯಿತು. ನಮ್ಮಂತೆಯೇ ದ್ವಿಚಕ್ರ ವಾಹನಗಳನ್ನೇ ನೆಚ್ಚಿಕೊಂಡಿರುವ ವಿಯೆಟ್ನಾಂ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿ, ಎಲ್ಲ ಸವಾರರಿಗೆ ನಿಯಮ ಜಾರಿ ಮಾಡಿತು.

ಇದಕ್ಕೆಲ್ಲ ಆಧಾರವೇನು? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವರದಿಯ ಪ್ರಕಾರ, ಅಪಘಾತಕ್ಕೆ ಸಿಲುಕಿದ ಸವಾರರಲ್ಲಿ ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಶೇ. 42ರಷ್ಟು, ತಲೆಪೆಟ್ಟಿನ ಸಾಧ್ಯತೆಯನ್ನು ಶೇ. 69ರಷ್ಟು ಕಡಿಮೆ ಮಾಡುತ್ತದೆ. ಹೆಲ್ಮೆಟ್ ಇದ್ದವರೆಲ್ಲ ಬದುಕುತ್ತಾರೆ ಎಂದು ಇದರ ಅರ್ಥವಲ್ಲ. ಎದೆಗೆ, ಹೊಟ್ಟೆಗೆ ಬಿದ್ದ ಪೆಟ್ಟಿಗೆ ಅದು ಏನೂ ಮಾಡಲಾರದು. ಆದರೆ ತಲೆಯ ಮಟ್ಟಿಗೆ ಇಷ್ಟು ಅಗ್ಗದ, ಇಷ್ಟು ಪರಿಣಾಮಕಾರಿಯಾದ ಸಾಧನ ಸವಾರನ ಕೈಯಲ್ಲಿ ಬೇರೊಂದಿಲ್ಲ.

ದೇಶದ ಅಂಕಿ ಅಂಶವನ್ನೂ ನೋಡಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ದ್ವಿಚಕ್ರ ವಾಹನ ಸವಾರರು 74,897. ಹೆಲ್ಮೆಟ್ ಇಲ್ಲದೆ ಸತ್ತವರು 50,029; ಅದರಲ್ಲಿ ಚಾಲಕರು 35,692, ಹಿಂಬದಿ ಸವಾರರು 14,337. ಅಂದರೆ ಹಿಂದೆ ಕುಳಿತವರೇ ದಿನಕ್ಕೆ ಸರಾಸರಿ 39 ಮಂದಿ ಬರಿತಲೆಯಲ್ಲಿ ಸಾವಿಗೀಡಾಗಿದ್ದಾರೆ.

'ನನ್ನ ತಲೆ, ನನ್ನ ಇಷ್ಟ'

ಹೆಲ್ಮೆಟ್ ವಿರೋಧವನ್ನು ಉಡಾಫೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಗಂಭೀರವಾದ ಒಂದು ವಿಚಾರಧಾರೆ ಇದೆ. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ' ಕೃತಿಯಲ್ಲಿ ಮಂಡಿಸಿದ ತತ್ವ ಸರಳವಾದುದು: ಒಬ್ಬನ ನಡೆಯಿಂದ ಇತರರಿಗೆ ಹಾನಿಯಾಗುವಂತಿದ್ದರೆ ಮಾತ್ರ ಸಮಾಜ ಅವನನ್ನು ತಡೆಯಬಹುದು, ಅವನದೇ ಒಳಿತಿಗೆಂದು ತಡೆಯಲಾಗದು. ಬರಿತಲೆಯ ಸವಾರ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ, ಅವನ ಅಪಾಯ ಅವನದೇ ಎಂಬ ವಾದಕ್ಕೆ ಇದೇ ಬುನಾದಿ.

ಅಮೆರಿಕದಲ್ಲಿ ಈ ವಾದಕ್ಕೆ ರಾಜಕೀಯ ಬಲವೂ ದೊರೆಯಿತು. 1966ರ ಕಾನೂನಿನಂತೆ ಅಲ್ಲಿನ ಕೇಂದ್ರ ಸರ್ಕಾರ ಹೆಲ್ಮೆಟ್ ನಿಯಮ ಮಾಡದ ರಾಜ್ಯಗಳ ಹೆದ್ದಾರಿ ಅನುದಾನಕ್ಕೆ ಕತ್ತರಿ ಹಾಕುವುದಾಗಿ ಹೇಳಿತ್ತು. ಮಿಷಿಗನ್ ರಾಜ್ಯದ ಮೇಲ್ಮನವಿ ನ್ಯಾಯಾಲಯ 1968ರಲ್ಲಿ ಅಲ್ಲಿನ ಹೆಲ್ಮೆಟ್ ಕಾನೂನನ್ನೇ ರದ್ದುಪಡಿಸಿತು. 1976ರಲ್ಲಿ ಸಂಸತ್ತು ಅನುದಾನದ ಷರತ್ತನ್ನು ಕೈಬಿಟ್ಟ ಮೇಲೆ ಹಲವು ರಾಜ್ಯಗಳು ನಿಯಮ ಸಡಿಲಿಸಿದವು. ಇಲಿನಾಯ್, ಅಯೋವಾ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವೇ ಅಲ್ಲ. ಬ್ರಿಟನ್ನಿನಲ್ಲಿ ನಿಯಮ ಧಿಕ್ಕರಿಸಿ ಪದೇ ಪದೇ ಜೈಲು ಸೇರಿದ ವೃದ್ಧ ಸವಾರ ಫ್ರೆಡ್ ಹಿಲ್ 1984ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡರು. ನಮ್ಮ ದೇಶದಲ್ಲಿ ಪುಣೆ ನಗರ ಹೆಲ್ಮೆಟ್ ವಿರೋಧಿ ಚಳವಳಿಗೆ ಹೆಸರಾಗಿದ್ದು, 2019ರ ಜನವರಿಯಲ್ಲೂ ಅಲ್ಲಿ ಪ್ರತಿಭಟನೆ ನಡೆದಿತ್ತು.

ಭಾರತದ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು 1988ರಲ್ಲೇ ಇತ್ಯರ್ಥಪಡಿಸಿದೆ. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವನ್ನು ಪ್ರಶ್ನಿಸಿದ್ದ ಅಜಯ್ ಕಾನು ಪ್ರಕರಣದಲ್ಲಿ, ಸಂವಿಧಾನದ 19ನೇ ವಿಧಿ ನೀಡುವ ಮುಕ್ತ ಸಂಚಾರದ ಹಕ್ಕಿಗೆ ಹೆಲ್ಮೆಟ್‌ನಿಂದ ಧಕ್ಕೆಯಾಗದು ಎಂದು ನ್ಯಾಯಾಲಯ ತೀರ್ಮಾನಿಸಿತು. ಅದನ್ನು ನಿರ್ಬಂಧವೆಂದೇ ಭಾವಿಸಿದರೂ ಸಾರ್ವಜನಿಕ ಹಿತದೃಷ್ಟಿಯಿಂದ ಅದು ಸಮಂಜಸವಾದುದು ಎಂಬುದು ತೀರ್ಪಿನ ಸಾರ.

ಆದರೆ ಕಾನೂನು ಅಲ್ಲಿಗೆ ನಿಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಘೋಷಿಸಿತು. ವ್ಯಕ್ತಿಯ ಸ್ವಂತ ಆಯ್ಕೆಗೆ ಸರ್ಕಾರ ಕೈಹಾಕಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯಯುತವಾಗಿರಬೇಕು, ಕೈಗೊಂಡ ಕ್ರಮ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂಬ ಅಳತೆಗೋಲು ಈ ತೀರ್ಪಿನಿಂದ ಗಟ್ಟಿಯಾಯಿತು. ಹೆಲ್ಮೆಟ್ ನಿಯಮವನ್ನು ಇಂದು ಅಳೆಯಬೇಕಾದುದು ಇದೇ ಕೋಲಿನಿಂದ.

ನಷ್ಟ ಯಾರ ಪಾಲಿಗೆ?

'ಅಪಾಯ ನನ್ನದೇ' ಎಂಬ ಮಾತು ಎಷ್ಟರ ಮಟ್ಟಿಗೆ ನಿಜ? ಅಪಘಾತವಾದ ಕ್ಷಣದಿಂದ ಅದು ಒಬ್ಬನ ವಿಷಯವಾಗಿ ಉಳಿಯುವುದಿಲ್ಲ. ಆಂಬುಲೆನ್ಸ್, ಸರ್ಕಾರಿ ಆಸ್ಪತ್ರೆಯ ಹಾಸಿಗೆ, ತುರ್ತು ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಸಾರ್ವಜನಿಕರ ಹಣ ಬೇಕು. 2016ರ ಫೆಬ್ರವರಿಯಲ್ಲಿ ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ಲಾರಿಗೆ ಸಿಲುಕಿದ ಬೈಕ್ ಸವಾರ ಹರೀಶ್, ಸಾಯುವ ಮುನ್ನ ತಮ್ಮ ಅಂಗಾಂಗ ದಾನ ಮಾಡುವಂತೆ ಕೋರಿದ್ದನ್ನು ನಾಡು ಮರೆತಿಲ್ಲ. ತಲೆಯಲ್ಲಿ ಹೆಲ್ಮೆಟ್ ಇದ್ದುದರಿಂದ ಅವರ ಕಣ್ಣುಗಳು ದಾನಕ್ಕೆ ಉಳಿದವು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಆ ವರ್ಷ 'ಮುಖ್ಯಮಂತ್ರಿಗಳ ಸಾಂತ್ವನ-ಹರೀಶ್' ಯೋಜನೆ ಆರಂಭಿಸಿ, ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂ.ವರೆಗಿನ ಚಿಕಿತ್ಸಾ ವೆಚ್ಚ ಭರಿಸುವ ವ್ಯವಸ್ಥೆ ಮಾಡಿತು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂ. ಮಿತಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಹೆಲ್ಮೆಟ್ ಹಾಕದವನಿಗೆ ಚಿಕಿತ್ಸೆ ಇಲ್ಲ ಎಂದು ಯಾವ ಸರ್ಕಾರವೂ ಹೇಳದು, ಹೇಳಲೂ ಬಾರದು.

ಆಸ್ಪತ್ರೆಯ ಬಿಲ್ಲಿಗೆ ಲೆಕ್ಕವಿದೆ. ಮನೆಯ ನಷ್ಟಕ್ಕೆ ಇಲ್ಲ. ತಲೆಪೆಟ್ಟಿನಿಂದ ಬದುಕುಳಿದವರಲ್ಲಿ ಕೆಲವರಿಗೆ ಮಾತು, ನೆನಪು, ನಡಿಗೆ ಮರಳುವುದೇ ಇಲ್ಲ. ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಇನ್ನೊಬ್ಬರು ಕೆಲಸ ಬಿಡಬೇಕಾಗುತ್ತದೆ. ಆಯ್ಕೆ ಮಾಡಿದವನು ಒಬ್ಬ, ಅದರ ಭಾರ ಹೊರುವವರು ಅವನ ಹೆಂಡತಿ, ಮಕ್ಕಳು, ವಯಸ್ಸಾದ ತಂದೆ ತಾಯಿ. ಹಿಂದೆ ಕುಳಿತ ಮಗುವಿಗಂತೂ ಆಯ್ಕೆಯೇ ಇರುವುದಿಲ್ಲ. ಮಿಲ್‌ನ ತತ್ವ ಕೂಡ ಪ್ರೌಢ ವಯಸ್ಕರಿಗೆ ಮಾತ್ರ ಅನ್ವಯಿಸುವಂಥದ್ದು ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗೆಂದು ಖರ್ಚಿನ ವಾದವನ್ನು ಎಲ್ಲಿಯವರೆಗಾದರೂ ಎಳೆಯುವಂತಿಲ್ಲ. ಸಾರ್ವಜನಿಕ ಹಣ ಖರ್ಚಾಗುತ್ತದೆ ಎಂಬುದೊಂದೇ ಕಾರಣ ಸಾಕಾದರೆ ನಾಳೆ ಸಕ್ಕರೆ ಕಾಯಿಲೆಯವನ ಕೈಯಿಂದ ಮೈಸೂರು ಪಾಕನ್ನೂ ಪೊಲೀಸರು ಕಿತ್ತುಕೊಳ್ಳಬಹುದು. ಹೆಲ್ಮೆಟ್ ನಿಯಮ ಸಮರ್ಥನೀಯವಾಗುವುದು ಅದು ಕೇಳುವುದು ಅತ್ಯಲ್ಪ, ಉಳಿಸುವುದು ಅಪಾರ ಎಂಬ ಕಾರಣಕ್ಕೆ. ಅದು ಯಾರ ಸಂಚಾರವನ್ನೂ ನಿಲ್ಲಿಸುವುದಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನೇ ನಿಷೇಧಿಸಲಾಯಿತು. ಸ್ವಾತಂತ್ರ್ಯದ ದೃಷ್ಟಿಯಿಂದ ನೋಡಿದರೆ ಅದು ಹೆಲ್ಮೆಟ್‌ಗಿಂತ ಎಷ್ಟೋ ದೊಡ್ಡ ನಿರ್ಬಂಧ.

ಪರಿಹಾರದ ಬಗೆಗೂ ಒಂದು ತಪ್ಪು ಕಲ್ಪನೆ ಇದೆ. ಹೆಲ್ಮೆಟ್ ಇಲ್ಲದಿದ್ದರೆ ಅಪಘಾತ ಪರಿಹಾರವೇ ಸಿಗದು ಎಂಬ ಮಾತು ಆಗಾಗ ಹರಡುತ್ತದೆ. ಇದು ನಿಜವಲ್ಲ. ಬೈಕಿನಲ್ಲಿ ಮೂವರು ಸಾಗುತ್ತಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ, ನಿಯಮ ಮುರಿದದ್ದಕ್ಕೂ ಅಪಘಾತಕ್ಕೆ ಅಥವಾ ಪೆಟ್ಟಿಗೂ ಸಂಬಂಧವಿದೆ ಎಂದು ಸಾಬೀತಾಗದೆ ಪರಿಹಾರ ಕಡಿತಗೊಳಿಸಲಾಗದು ಎಂದಿತು. ಹೆಲ್ಮೆಟ್ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರವನ್ನು ವಿಪರೀತ ಕಡಿತ ಮಾಡಬಾರದು ಎಂದು ಕರ್ನಾಟಕ ಹೈಕೋರ್ಟ್ ಕೂಡ ಇತ್ತೀಚಿನ ವರ್ಷಗಳಲ್ಲಿ ಹೇಳಿದೆ. ಆದರೆ ತಲೆಪೆಟ್ಟೇ ಸಾವಿಗೆ ಕಾರಣವಾಗಿದ್ದರೆ ವಿಮಾ ಕಂಪನಿ ಆ ವಾದ ಎತ್ತದೆ ಬಿಡದು.

ಅರ್ಧ ಹೆಲ್ಮೆಟ್, ಅರ್ಧ ವಿಧೇಯತೆ

ಮೈಸೂರಿನ ಅನುಭವದಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ನಿಯಮ ಬಿಗಿಯಾದಾಗಲೆಲ್ಲ ರಸ್ತೆ ಬದಿಯಲ್ಲಿ ಅಗ್ಗದ ಹೆಲ್ಮೆಟ್‌ಗಳ ರಾಶಿ ಬೀಳುತ್ತದೆ. ಪ್ಲಾಸ್ಟಿಕ್ ಚಿಪ್ಪಿನೊಳಗೆ ತೆಳುವಾದ ಸ್ಪಂಜು, ಎಳೆದರೆ ಬರುವ ಪಟ್ಟಿ. ನೆತ್ತಿ ಮಾತ್ರ ಮುಚ್ಚಿ, ಕಿವಿ, ಕಪೋಲ, ತಲೆಯ ಹಿಂಭಾಗವನ್ನು ತೆರೆದಿಡುವ ಟೋಪಿಯಂಥ ಅರ್ಧ ಹೆಲ್ಮೆಟ್. ಪೊಲೀಸರ ಕಣ್ಣಿಗೆ ಇದು ಹೆಲ್ಮೆಟ್. ರಸ್ತೆಯ ಡಾಂಬರಿಗೆ ಅಲ್ಲ.

ಹೆಲ್ಮೆಟ್ ಕೆಲಸ ಮಾಡುವ ಬಗೆ ತಿಳಿದರೆ ವ್ಯತ್ಯಾಸ ಅರ್ಥವಾಗುತ್ತದೆ. ಹೊರಗಿನ ಗಟ್ಟಿ ಕವಚ ಪೆಟ್ಟನ್ನು ಒಂದೇ ಬಿಂದುವಿನಲ್ಲಿ ಉಳಿಯಗೊಡದೆ ಹರಡುತ್ತದೆ. ಒಳಗಿನ ಥರ್ಮೋಕೋಲ್ ಪದರ ಜಜ್ಜಿಹೋಗಿ ರಭಸವನ್ನು ಹೀರಿಕೊಳ್ಳುತ್ತದೆ. ಗದ್ದದ ಪಟ್ಟಿ ಇಡೀ ಹೆಲ್ಮೆಟ್ ಕಳಚಿ ಹಾರದಂತೆ ಹಿಡಿದಿಡುತ್ತದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ವ್ಯರ್ಥ. 'ನಾನು ನಿಧಾನವಾಗಿ ಹೋಗುತ್ತೇನೆ' ಎನ್ನುವವರು ಒಂದು ಲೆಕ್ಕ ನೋಡಬೇಕು. ಒಂದೂವರೆ ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಸವಾರನ ತಲೆ ನೆಲದಿಂದ ಇರುವ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ಎಂದರೆ ನಿಂತ ಸ್ಕೂಟರಿನಿಂದ ಉರುಳಿದರೂ ತಲೆ ರಸ್ತೆಗೆ ಬಡಿಯುವುದು ಆ ರಭಸದಲ್ಲೇ. ವಾಹನ ಎಷ್ಟು ನಿಧಾನವಾಗಿ ಸಾಗುತ್ತಿದ್ದರೂ ಈ ಲೆಕ್ಕ ಬದಲಾಗದು.

ಮೈಸೂರು ನಗರ ಪೊಲೀಸರು 2018ರ ಆರಂಭದಲ್ಲಿ ಅರ್ಧ ಹೆಲ್ಮೆಟ್ ಹಾಗೂ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್‌ಗಳ ವಿರುದ್ಧ ಕಾರ್ಯಾಚರಣೆ ಕೈಗೊಂಡರು. ಸವಾರರಿಂದ ಅನೇಕ ಹೆಲ್ಮೆಟ್‌ಗಳನ್ನು ವಶಪಡಿಸಿಕೊಳ್ಳಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಬೀದಿಯಲ್ಲಿ ಬಹಿರಂಗವಾಗಿ ಮಾರಾಟವಾಗುವ ವಸ್ತುವನ್ನು ಹಣ ಕೊಟ್ಟು ಕೊಂಡವನಿಂದ ಕಿತ್ತುಕೊಂಡು, ಮಾರಿದವನನ್ನೂ ತಯಾರಿಸಿದವನನ್ನೂ ಬಿಟ್ಟರೆ ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಇದಕ್ಕೆ ಉತ್ತರ ದೊರೆತದ್ದು 2021ರ ಜೂನ್ 1ರಂದು. ಅಂದಿನಿಂದ ಭಾರತೀಯ ಮಾನಕ ಬ್ಯೂರೋದ ಐಎಸ್ 4151 ಮಾನದಂಡಕ್ಕೆ ಹೊಂದದ, ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನ ಹೆಲ್ಮೆಟ್‌ಗಳ ತಯಾರಿಕೆ ಮತ್ತು ಮಾರಾಟವೇ ಅಪರಾಧ. ಆದರೂ ರಸ್ತೆ ಬದಿಯ ರಾಶಿ ಕರಗಿಲ್ಲ. ಸವಾರನಿಗೆ ವಿಧಿಸುವಷ್ಟೇ ಶ್ರದ್ಧೆಯಿಂದ ಮಾರಾಟಗಾರನಿಗೂ ದಂಡ ವಿಧಿಸುವವರೆಗೆ ಅದು ಕರಗುವಂತೆಯೂ ಇಲ್ಲ.

ತಡೆಯುವ ಕೈ

ಜೀವ ಉಳಿಸಲು ಮಾಡಿದ ನಿಯಮದ ಜಾರಿಯೇ ಜೀವಕ್ಕೆ ಎರವಾದರೆ? ಈ ಪ್ರಶ್ನೆ ಮೈಸೂರು ಭಾಗದಲ್ಲಿ ಎರಡು ಬಾರಿ ಎದುರಾಗಿದೆ.

2021ರ ಮಾರ್ಚ್ 22ರ ಸಂಜೆ ಹಿನಕಲ್ ಬಳಿಯ ರಿಂಗ್ ರಸ್ತೆಯಲ್ಲಿ ಸಂಚಾರ ಪೊಲೀಸರ ತಪಾಸಣೆ ನಡೆಯುತ್ತಿದ್ದ ವೇಳೆ ಬೈಕ್ ಸವಾರರೊಬ್ಬರು ಅಪಘಾತದಲ್ಲಿ ಮೃತಪಟ್ಟರು. ಪೊಲೀಸರು ತಡೆಯಲು ಹೋದದ್ದೇ ಕಾರಣ ಎಂದು ಆರೋಪಿಸಿದ ಜನರ ಗುಂಪು ಸಿಬ್ಬಂದಿಯ ಮೇಲೆ ಹಲ್ಲೆ ನಡೆಸಿ, ಪೊಲೀಸ್ ವಾಹನವನ್ನು ಜಖಂಗೊಳಿಸಿತು. ಪೊಲೀಸರು ಆ ಆರೋಪವನ್ನು ನಿರಾಕರಿಸಿದರು. ಕರ್ತವ್ಯದಲ್ಲಿದ್ದವರನ್ನು ಥಳಿಸಿದ್ದಕ್ಕೆ ಸಮರ್ಥನೆ ಇಲ್ಲ. ಆದರೆ ತಪಾಸಣೆಯ ವೈಖರಿಯ ಬಗ್ಗೆ ಜನರಲ್ಲಿ ಎಷ್ಟು ಅಸಮಾಧಾನ ಮಡುಗಟ್ಟಿತ್ತು ಎಂಬುದಕ್ಕೆ ಆ ಸಂಜೆ ಸಾಕ್ಷಿಯಾಯಿತು.

2025ರ ಮೇ 26ರಂದು ಮಂಡ್ಯ ನಗರದಲ್ಲಿ ನಡೆದದ್ದು ಇನ್ನೂ ಘೋರ. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆತರುತ್ತಿದ್ದ ದಂಪತಿಯನ್ನು ಹೆಲ್ಮೆಟ್ ತಪಾಸಣೆಗೆಂದು ತಡೆಯಲಾಯಿತು. ಆಯತಪ್ಪಿ ಕೆಳಗೆ ಬಿದ್ದ ಮಗುವಿನ ಮೇಲೆ ವಾಹನ ಹರಿಯಿತು. ನಾಲ್ಕು ವರ್ಷವೂ ತುಂಬದ ಮಗು ಪ್ರಾಣ ಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತಾದರು. ಇದರ ಬೆನ್ನಿಗೇ ರಾಜ್ಯ ಪೊಲೀಸ್ ಮುಖ್ಯಸ್ಥರು ಹೊರಡಿಸಿದ ಸೂಚನೆಗಳಲ್ಲಿ ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು, ಚಲಿಸುವ ವಾಹನಕ್ಕೆ ಏಕಾಏಕಿ ಅಡ್ಡ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು ಎಂಬ ಅಂಶಗಳಿದ್ದವು.

ವ್ಯಕ್ತಿ ಸ್ವಾತಂತ್ರ್ಯದ ನಿಜವಾದ ಪ್ರಶ್ನೆ ಇರುವುದು ಇಲ್ಲಿ. ಹೆಲ್ಮೆಟ್ ಹಾಕಿ ಎನ್ನುವ ಆದೇಶ ಪುಟ್ಟಸ್ವಾಮಿ ತೀರ್ಪಿನ ಅಳತೆಗೋಲಿನಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ತಿರುವಿನಲ್ಲಿ ಮರೆಯಾಗಿ ನಿಂತು, ಓಡುತ್ತಿರುವ ವಾಹನದ ಹ್ಯಾಂಡಲ್‌ಗೆ ಕೈಹಾಕುವ ಕ್ರಮ ಅದೇ ಅಳತೆಗೋಲಿನಲ್ಲಿ ನಿಲ್ಲಲಾರದು. 500 ರೂಪಾಯಿಯ ತಪ್ಪಿಗೆ ಪ್ರಾಣಾಪಾಯ ತಂದೊಡ್ಡುವುದು ಯಾವ ಪ್ರಮಾಣದಲ್ಲೂ ಸಮಂಜಸವಲ್ಲ. ಕ್ಯಾಮೆರಾದಲ್ಲಿ ಸೆರೆಹಿಡಿದು ಮನೆಗೆ ನೋಟಿಸ್ ಕಳುಹಿಸುವ ವ್ಯವಸ್ಥೆ ಇರುವಾಗ ಅದರ ಅಗತ್ಯವೂ ಇಲ್ಲ. ಇನ್ನೊಂದೆಡೆ, ಬಾಕಿ ದಂಡಕ್ಕೆ 2023ರ ಫೆಬ್ರವರಿಯಲ್ಲಿ ಕೊಟ್ಟಂತೆ ಅರ್ಧದಷ್ಟು ರಿಯಾಯಿತಿ ಕೊಡುವುದರಿಂದ ಬೊಕ್ಕಸ ತುಂಬಬಹುದು. ಆದರೆ ನಿಯಮದ ಉದ್ದೇಶ ಹಣವೋ ಪ್ರಾಣವೋ ಎಂಬ ಅನುಮಾನ ಜನರಲ್ಲಿ ಬೆಳೆಯುತ್ತದೆ.

ಸವಾರರ ಗಮನಕ್ಕೆ

ಹೆಲ್ಮೆಟ್ ಹಾಕಬೇಕೋ ಬೇಡವೋ ಎಂಬ ಆಯ್ಕೆಯನ್ನು ಕಾಯ್ದೆ ಸವಾರನಿಗೆ ಬಿಟ್ಟಿಲ್ಲ. ಯಾವ ಹೆಲ್ಮೆಟ್, ಅದನ್ನು ಹೇಗೆ ಹಾಕಬೇಕು ಎಂಬುದು ಮಾತ್ರ ಇಂದಿಗೂ ಅವನ ಕೈಯಲ್ಲೇ ಇದೆ. ಪ್ರಾಣ ಉಳಿಯುವುದೂ ಉಳಿಯದಿರುವುದೂ ಬಹುಮಟ್ಟಿಗೆ ಇದರ ಮೇಲೆ ನಿಂತಿರುವುದರಿಂದ ಕೆಲವು ಅಂಶಗಳು ತಿಳಿದಿರಲಿ.

- ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗೆ ಐಎಸ್ 4151 ಎಂಬ ಸಂಖ್ಯೆ ಹಾಗೂ ತಯಾರಕರ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಬರಿಯ ಅಂಟುಚೀಟಿಯನ್ನು ನಂಬಬೇಡಿ.

- ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಮಾನದಂಡಕ್ಕೆ ತಕ್ಕ ಹೆಲ್ಮೆಟನ್ನು ತಯಾರಕರೇ ಒದಗಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 138 ಹೇಳುತ್ತದೆ. ಮಾರಾಟಗಾರರಲ್ಲಿ ಕೇಳಿ ಪಡೆಯುವುದು ನಿಮ್ಮ ಹಕ್ಕು.

- ಅಳತೆ ಸರಿಯಾಗಿರಲಿ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಜಾರಬಾರದು. ಪಟ್ಟಿ ಮತ್ತು ಗದ್ದದ ನಡುವೆ ಒಂದೆರಡು ಬೆರಳಷ್ಟು ಜಾಗವಿದ್ದರೆ ಸಾಕು.

- ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಬಳಸಬೇಡಿ. ಹೊರಗೆ ಬಿರುಕು ಕಾಣದಿದ್ದರೂ ಒಳಪದರ ಜಜ್ಜಿರುತ್ತದೆ. ಇದೇ ಕಾರಣಕ್ಕೆ ಹಳೆಯ ಹೆಲ್ಮೆಟ್ ಕೊಳ್ಳುವುದೂ ಸಲ್ಲದು.

- ಬೇಸಿಗೆಯ ಸೆಕೆಗೆ ಗಾಳಿಕಿಂಡಿಗಳಿರುವ ಹೆಲ್ಮೆಟ್ ದೊರೆಯುತ್ತದೆ. ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡರೆ ಬೆವರಿನ ತೊಂದರೆ ತಗ್ಗುತ್ತದೆ. ದಪ್ಪ ಬಟ್ಟೆ ಕಟ್ಟಿದರೆ ಅಳತೆಯೇ ಕೆಡುತ್ತದೆ.

- ಹಿಂಬದಿ ಸವಾರರಿಗೆಂದು ಅಗ್ಗದ ಹೆಲ್ಮೆಟ್ ಇಡುವ ರೂಢಿ ಬಿಡಬೇಕು. ಮಕ್ಕಳಿಗೆ ದೊಡ್ಡವರ ಹೆಲ್ಮೆಟ್ ಹಾಕಬೇಡಿ; ಅವರ ಅಳತೆಯದೇ ಬೇಕು.

- ಪೊಲೀಸರು ಕೈ ತೋರಿಸಿದಾಗ ತಪ್ಪಿಸಿಕೊಳ್ಳಲು ವೇಗ ಹೆಚ್ಚಿಸುವುದಾಗಲಿ, ಎದುರು ದಿಕ್ಕಿಗೆ ತಿರುಗುವುದಾಗಲಿ ಮಾಡಬೇಡಿ. ರಸ್ತೆಯ ಅಂಚಿಗೆ ಬಂದು ನಿಲ್ಲಿಸಿ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ಒಪ್ಪಿಗೆಯಿಲ್ಲದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ಅವಕಾಶವಿದೆ.

ದಂಡದ ಮೊತ್ತ ಏರಬಹುದು, ಇಳಿಯಬಹುದು. ಅದನ್ನು ತೀರ್ಮಾನಿಸುವುದು ಸರ್ಕಾರ. ಗದ್ದದ ಪಟ್ಟಿಯ ಗುಂಡಿ ಒತ್ತಿ 'ಟಿಕ್' ಎಂಬ ಸದ್ದು ಕೇಳಿಸಿಕೊಂಡು ಹೊರಡುವುದು ಸವಾರನಿಗೆ ಬಿಟ್ಟದ್ದು. ಹಿಂದೆ ಕುಳಿತವರ ಪಟ್ಟಿಯನ್ನೂ ಒಮ್ಮೆ ತಿರುಗಿ ನೋಡಿದರೆ ಇನ್ನೂ ಒಳಿತು.